ಕಿಲೋಗೆ ನಲವತ್ತು

ಪೆನ್ಷನ್ ಮೊಹಲ್ಲಾದ ಗುಜರಿಯಲ್ಲಿ ಖಲಂದರ್ ಸಾಹೇಬರು
ಹಾಡನ್ನು ತಕ್ಕಡಿಯಲ್ಲಿ ತೂಗುತ್ತಾರೆ.
ಕುಕ್ಕರಿನ ಮುಚ್ಚಳ, ಫ್ಯಾನಿನ ಮುರಿದ ರೆಕ್ಕೆ,
ಅದರಡಿಯ ಗೋಣಿಯಲ್ಲಿ ಕಪ್ಪು ತಟ್ಟೆಗಳು.
‘ಕಿಲೋಗೆ ನಲವತ್ತು ಸಿಸ್ಟರ್,
ಸೀಳಿದ್ದು ಬಂದರೆ ನಿಮ್ಮ ಹಣೆಬರಹ.’

ಬೆಳಗಿನ ಪಾಳಿ ಮುಗಿಸಿದ್ದೆವು,
ನಾನು, ಶೆಟ್ಟಿಹಳ್ಳಿ ಕಡೆಯ ವಿನ್ಸಿ,
ಕೈಗಿನ್ನೂ ಸ್ಪಿರಿಟ್ಟಿನ ವಾಸನೆ.
ಎಕ್ಸ್‌ರೇ ನೋಡುವ ಹಾಗೆ ಒಂದೊಂದನ್ನೇ
ಬಿಸಿಲಿಗೆ ಓರೆ ಹಿಡಿದೆವು.
ಗೆರೆ, ಗೆರೆ, ಗೆರೆ.
ಎಲ್ಲಿ ಬಿರುಕು ಅಂತ ಹೇಳಬಲ್ಲೆವು,
ಒಳಗೆ ಯಾರಿದ್ದಾರೆ ಅಂತ ಹೇಳಲಾರೆವು.

ಏಳು ತಟ್ಟೆ, ಒಂದೂಮುಕ್ಕಾಲು ಕಿಲೋ, ಎಪ್ಪತ್ತು ರೂಪಾಯಿ.
ಒಂದರ ಲಕೋಟೆಗೆ ಮಾತ್ರ ಚಿತ್ರವಿತ್ತು:
ದ್ವೀಪ, ಮೂರು ತೆಂಗಿನಮರ, ಅರ್ಧ ದೋಣಿ.
ಉಳಿದರ್ಧವನ್ನೂ ಅಕ್ಷರಗಳನ್ನೂ
ಗೆದ್ದಲು ಓದಿ ಮುಗಿಸಿತ್ತು.
‘ಯಾವನೋ ಮಿಲಿಟ್ರಿಯವನ ಮೊಮ್ಮಗ ಹಾಕಿ ಹೋದ,
ಟ್ರಂಕೂ ಇತ್ತು, ಅದು ನಿನ್ನೆಯೇ ಹೋಯಿತು.’

ನಮ್ಮ ಹತ್ತಿರ ಗ್ರಾಮಾಫೋನು ಇಲ್ಲ.
ಇದು ಹೊಳೆದದ್ದು ಕಟ್ಟಿನಕೆರೆಯಲ್ಲಿ,
ಆಲೂಗಡ್ಡೆ ಬೋಂಡಾ ಬಾಯಿ ಸುಡುವಾಗ.
‘ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತಲ್ಲೇ’ ಅಂದೆ.
ವಿನ್ಸಿ ಹೆರಿಗೆ ವಾರ್ಡಿನವಳು.
‘ದಿನಾ ನೋಡ್ತೀನಿ, ಕುಲಾವಿನೇ ಮೊದಲು ಬರೋದು’ ಅಂದಳು,
ನನ್ನ ಪಾಲಿನ ಚಟ್ನಿಗೂ ಕೈ ಹಾಕಿದಳು.

ಹೆಂಗಸರಿಬ್ಬರು ಬಂದರೆ ನಾಟಿ ಹೋಟೆಲಿನವರು
ಫ್ಯಾಮಿಲಿ ರೂಮಿನ ಪರದೆ ಎಳೆಯುತ್ತಾರೆ.
ನಾವು ಸರಿಸಿದೆವು. ಹುಡುಗ ಎಳೆದ. ಮತ್ತೆ ಸರಿಸಿದೆವು.
ಮುದ್ದೆ, ಕೈಮಾ ಉಂಡೆ, ಮೇಲಿಷ್ಟು ಬೋಟಿ.
ತಟ್ಟೆಗಳ ಚೀಲಕ್ಕೂ ಒಂದು ಕುರ್ಚಿ ಕೊಟ್ಟಿದ್ದೆವು.

ಹತ್ತೂವರೆಗೆ ಹಾಸನ ಶಟರ್ ಎಳೆಯುತ್ತದೆ.
ಬಾರಿನ ಹಸಿರು ದೀಪ ಆರಿ,
ಒಳಗಿದ್ದವರು ಬೀದಿಯಲ್ಲಿ ಒಬ್ಬರನ್ನೊಬ್ಬರು
ಮನೆಗೆ ಕಳಿಸಿಕೊಡುತ್ತಾ ಅಲ್ಲೇ ಉಳಿಯುತ್ತಾರೆ.
ಆಮೇಲಿನ ಊರೆಲ್ಲ ಬಸ್‌ಸ್ಟ್ಯಾಂಡಿನ ಮುಂದೆ:
ಎಗ್‌ರೈಸಿನ ಗಾಡಿ, ಮಂಕಿ ಟೋಪಿಯ ಆಟೋದವರು,
ಕಡಲೆಕಾಯಿ ಹುರಿಯುವ ದ್ಯಾವೀರಣ್ಣ.

ದ್ಯಾವೀರಣ್ಣ ಚೀಲ ಇಣುಕಿ,
‘ಒಂದು ಪಿನ್ನು ಕೊಡವ್ವ’ ಅಂದ.
ಸೆರಗಿನದು ಬಿಚ್ಚಿಕೊಟ್ಟೆ.
ಖಾಲಿ ಪೊಟ್ಟಣದ ಚೂಪು ತುದಿಗೆ ಅದನ್ನು ಚುಚ್ಚಿದ.
ಚೆಂಬು ಬೋರಲು ಹಾಕಿ ಮೇಲೆ ದ್ವೀಪದ ತಟ್ಟೆ ಇಟ್ಟ,
ನಡುವಿನ ತೂತಿಗೆ ನನ್ನ ಪೆನ್ನು,
ಅಲುಗದ ಹಾಗೆ ವಿನ್ಸಿ ಹಿಡಿದುಕೊಂಡಳು.
ಅವನ ಮಸಿ ಬೆರಳು ತಿರುಗಿಸತೊಡಗಿತು.

ಮೊದಲು ಮೊಟ್ಟೆ ಹುರಿಯುವ ಸದ್ದು.
ಗಾಡಿಯವನು ಸ್ಟವ್ ಆರಿಸಿದ.
ಹುರಿಯುವುದು ನಿಲ್ಲಲಿಲ್ಲ.
ಅದರೊಳಗಿಂದ ಒಂದು ದನಿ ಎದ್ದಿತು,
ಬೆರಳು ಓಡಿದರೆ ಪುಟ್ಟ ಹುಡುಗಿ,
ಸೋತರೆ ಕೆಮ್ಮು ಹತ್ತಿದ ಮುದುಕ,
ಎರಡರ ನಡುವೆ ಎಲ್ಲೋ ಒಂದು ಗಳಿಗೆ
ನಮ್ಮ ವಯಸ್ಸಿನ ಒಬ್ಬಳು.

‘ಕೊಂಕಣಿ’ ಅಂದ ಒಬ್ಬ.
‘ಮಲಯಾಳ, ಉಲ್ಟಾ ತಿರುಗಿಸ್ತಿದ್ದೀಯ’ ಅಂದ ಇನ್ನೊಬ್ಬ.
ಅಂಗಡಿ ಮುಚ್ಚಿಸಲು ಬಂದ ಪೇದೆ
ಲಾಠಿ ಕಂಕುಳಲ್ಲಿಟ್ಟು, ಕಿವಿ ಪೊಟ್ಟಣಕ್ಕಿಟ್ಟು,
‘ತುಳು ಕಣ್ರೀ, ನಾನು ಪುತ್ತೂರಲ್ಲಿದ್ದೆ’ ಅಂದ.
ಪುತ್ತೂರಿನ ಕ್ಲೀನರ್ ಹುಡುಗ ಅಲ್ಲೇ ಇದ್ದ.
‘ತುಳು ಅಲ್ಲ ಸಾರ್’ ಅಂದ, ಮೆತ್ತಗೆ.

ಒಂದು ಪದ ಮಾತ್ರ ಪ್ರತಿ ಸುತ್ತಿಗೂ ಬರುತ್ತಿತ್ತು,
ಬಾ ಅಂತಲೋ, ಬೇಡ ಅಂತಲೋ.
ದ್ಯಾವೀರಣ್ಣನ ಬೆರಳು ನೋಯಿತು, ಪೇದೆ ತಿರುಗಿಸಿದ.
ಅವನದು ನೋಯಿತು, ಕ್ಲೀನರ್ ತಿರುಗಿಸಿದ.
ಮಂಗಳೂರು ಬಸ್ಸು ಹಾರ್ನ್ ಹೊಡೆದಾಗ
ಆ ಹುಡುಗ ಕೈ ತೆಗೆದು ಓಡಿದ.
ತಟ್ಟೆ ತಾನಾಗಿ ಎರಡು ಸುತ್ತು ಸುತ್ತಿ
ಮುದುಕನಾಗಿ ನಿಂತಿತು.

ಪೊಟ್ಟಣಕ್ಕೆ ಮತ್ತೆ ಕಡಲೆಕಾಯಿ ತುಂಬಿ ಕೊಟ್ಟ,
ಹತ್ತು ರೂಪಾಯಿ ತಪ್ಪದೆ ಈಸಿಕೊಂಡ.

ಉಳಿದ ಆರು ಮಂಚದ ಕೆಳಗಿವೆ.
ಬೆಳಿಗ್ಗೆ ನೋಡಿದರೆ ಪಿನ್ನಿನ ತುದಿಗೆ
ಕಾಡಿಗೆಯಂಥ ಕಪ್ಪು ಪುಡಿ.
ಪಾಳಿಗೆ ಹೊತ್ತಾಗಿತ್ತು,
ಒರೆಸದೆ ಹಾಗೇ ಸೆರಗಿಗೆ ಚುಚ್ಚಿಕೊಂಡು ಹೊರಟೆ.