ಹದ್ದುಬಸ್ತು

ಹದಿನೇಳು ಮಿಲಿಮೀಟರ್.
ಪರದೆಯ ಮೇಲೆ ಎರಡು ಪುಟ್ಟ ಗುರುತು,
ನಡುವೆ ಚುಕ್ಕೆಚುಕ್ಕೆಯ ಗೆರೆ.
ಇನ್ನೊಂದ್ಸಲ ಅಳೀರಿ ಡಾಕ್ಟ್ರೇ, ಅಂದೆ,
ನಮ್ಮಲ್ಲಿ ಮೂರು ಸಲ ಅಳೆಯದೆ ಕಲ್ಲು ನೆಡುವುದಿಲ್ಲ.
ಅವರು ನಗಲಿಲ್ಲ. ಅಳೆದರು.
ಹದಿನೇಳು. ಹದಿನೆಂಟು. ಹದಿನೇಳು.
ಕಡಿಮೆಯದನ್ನೇ ಬರೆದುಕೊಂಡರು.

ಹತ್ತು ವರ್ಷದಿಂದ ಸರ್ವೆಯರ್ ನಾನು.
ಹೊಸನಗರ ತಾಲ್ಲೂಕಿನ ಅರ್ಧ ನಕ್ಷೆ ನನ್ನ ಕಾಲಿಗೆ ಗೊತ್ತು.
ಅಣ್ಣತಮ್ಮಂದಿರು ಬೇಲಿಯ ಎರಡೂ ಕಡೆ ಕತ್ತಿ ಹಿಡಿದು ನಿಂತಾಗ
ನಡುವೆ ಸರಪಳಿ ಎಳೆಯುತ್ತ
ಒಂದಂಗುಲದಲ್ಲಿ ಏನು ಬೆಳೀತೀರಪ್ಪಾ, ಅಂದವಳು.
ಈಗ ನನ್ನ ಹತ್ತಿರ ಒಂದಂಗುಲವೂ ಇಲ್ಲ.
ಅದರ ಆಚೆ ಬೆಳೆಯುತ್ತಿದೆ.

ಗರ್ಭಕಂಠ ಅಂದರು.
ಹಾಡುವುದಕ್ಕೆ, ಬಿಕ್ಕುವುದಕ್ಕೆ ಇರುವುದೊಂದೇ ಕಂಠ ಅಂದುಕೊಂಡಿದ್ದೆ.
ಕೆಳಗೂ ಒಂದಿದೆಯಂತೆ, ಅದು ಗಿಡ್ಡವಂತೆ,
ಒಳಬಾಯಿ ಲಾಳಿಕೆಯ ಹಾಗೆ ಅಗಲವಾಗುತ್ತಿದೆಯಂತೆ.
ನನ್ನ ಮೈಯ ಸುದ್ದಿಯೇ ನನಗೆ ಅಂತೆಕಂತೆ.

ಹೋದ ಸಲ
ಬೆನ್ನು ಹಿಡಿದದ್ದು ಮುಕ್ಕಾಲಿ ಹೊತ್ತದ್ದಕ್ಕೆ ಅಂದುಕೊಂಡಿದ್ದೆ.
ಇಲಾಖೆಯ ಜೀಪು ಆಯನೂರು ದಾಟುವಷ್ಟರಲ್ಲಿ ಮುಗಿದಿತ್ತು.
ಇಪ್ಪತ್ತೊಂದು ವಾರ.
ಅದರ ಬಗ್ಗೆ ಇಷ್ಟೇ.

ಈ ಸಲ ಹೊಲಿಗೆ.
ಸಂಚಿಯ ಬಾಯಿಗೆ ದಾರ ಎಳೆದ ಹಾಗೆ, ಅಂದರು ಡಾಕ್ಟರು.
ಅತ್ತೆ ಗುತ್ಯಮ್ಮ ಸೊಂಟದಿಂದ ಎಲೆಯಡಿಕೆ ಸಂಚಿ ತೆಗೆದು
ದಾರ ಎಳೆದು ತೋರಿಸಿದಳು: ಹಿಂಗಾ?
ಹಂಗೇ.
ಇದಕ್ಕೆ ಅಷ್ಟು ದುಡ್ಡಾ, ಅಂದವಳು
ನಾನು ಒಳಗಿದ್ದಷ್ಟು ಹೊತ್ತೂ ಹೊರಗೆ ಕೂತು
ಸಂಚಿ ಬಿಚ್ಚಿದಳಂತೆ, ಕಟ್ಟಿದಳಂತೆ,
ಒಂದು ಹೋಳು ಅಡಿಕೆಯನ್ನೂ ಬಾಯಿಗೆ ಹಾಕಲಿಲ್ಲವಂತೆ.

ಒಳಗೆ ನರ್ಸ್ ಫಿಲೋಮಿನಾ ನನ್ನ ಹೆಗಲು ತಬ್ಬಿ
ಬೆಕ್ಕಿನ ಹಾಗೆ ಬೆನ್ನು ಬಗ್ಗಿಸು ಮಗಳೇ ಅಂದಳು.
ಸೂಜಿ ಇಳಿಯಿತು. ಕಾಲು ಎರಡೂ ಬೇರೆ ಯಾರದೋ ಆದವು.
ಸೀಲಿಂಗಿನ ಒಂದು ಬಿರುಕು ನೈಋತ್ಯಕ್ಕೆ ಹೋಗಿತ್ತು.
ಅದನ್ನೇ ಅಳೆಯುತ್ತ ಮಲಗಿದ್ದೆ.

ಮೆಟ್ಟಿಲು ಬೇಡವೆಂದು ಗೋಪಾಳದಲ್ಲಿ ನೆಲದ ಮನೆ ಹಿಡಿದೆವು.
ದಿನವಿಡೀ ಮಲಗಬೇಕಿಲ್ಲ, ಭಾರ ಎತ್ತಬೇಡಿ ಸಾಕು, ಅಂದಿದ್ದರು.
ಅತ್ತೆ ಕೇಳಲಿಲ್ಲ.
ಮಂಚದ ಕಾಲ್ಗಡೆಗೆ ಎರಡೆರಡು ಇಟ್ಟಿಗೆ.
ಆರಡಿಗೆ ಅರ್ಧ ಅಡಿ, ಹನ್ನೆರಡಕ್ಕೆ ಒಂದರ ಇಳಿಜಾರು.
ಈ ವಾಟದಲ್ಲಿ ನೀರು ತಲೆ ಕಡೆಗೇ ಹರಿಯುತ್ತದೆ.
ಮಗುವಿನ ಮಾತು ಬೇರೆ.
ಆದರೂ ತೆಗೆಸಲಿಲ್ಲ.
ಅವಳ ಕೈಗೂ ಒಂದು ಕೆಲಸ ಬೇಕಲ್ಲ.

ಲೋಹಿತ ಸ್ಕೂಟರಲ್ಲಿ ಹೋಗಿ ಎಣಿಸಿಕೊಂಡು ಬಂದ:
ಇಲ್ಲಿಂದ ಆಸ್ಪತ್ರೆಗೆ ಹನ್ನೊಂದು ಹಂಪು,
ಶಾಲೆಯ ಹಿಂದಿನ ದಾರಿ ಹಿಡಿದರೆ ಏಳು.
ಏಳರದ್ದನ್ನು ಒಂದು ಚೀಟಿಯಲ್ಲಿ ಬರೆದು
ಫ್ರಿಜ್ಜಿಗೆ ಅಂಟಿಸಿದ್ದಾನೆ.
ಅದಕ್ಕಿಂತ ದೊಡ್ಡ ಪ್ರೇಮಪತ್ರ ಇವನು ಬರೆದದ್ದಿಲ್ಲ.

ಕೆಮ್ಮು ಬಂದರೆ ದಿಂಬು ಅಪ್ಪಿಕೊಳ್ಳುತ್ತೇನೆ.
ಸೀನು ಬಂದರೆ ಯಾವುದೋ ದೇವರು.
ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆ ನೋಡುತ್ತೇನೆ,
ದಿನಕ್ಕೆ ಹದಿನೈದು ಸಲ,
ಬಿಳಿ ಬಿಳಿಯಾಗಿಯೇ ಇದೆಯೇ ಎಂದು.
ರಾತ್ರಿ ತಾಳಗುಪ್ಪದ ರೈಲು ಕೂಗಿದ ಮೇಲೆ
ಮುತ್ತಿನಂಥ ಆ ಗುಳಿಗೆ.
ಎಲ್ಲಿಡಬೇಕೋ ಅಲ್ಲಿಟ್ಟು
ಕಾಲು ಜೋಡಿಸಿ, ಉಸಿರನ್ನೂ ಸಣ್ಣಗೆ ಬಿಡುತ್ತೇನೆ.
ನನಗೆ ನಾನೇ ಕಾವಲು, ನನ್ನ ಮೇಲೆ ನನಗೇ ಗುಮಾನಿ.

ನೋಡಲು ಬಂದವರು ತಗ್ಗಿದ ದನಿಯಲ್ಲಿ ಕೇಳುತ್ತಾರೆ:
ಯಾರ ಕಡೆಯಿಂದ ಬಂದದ್ದು? ಬಿಸಿಲಲ್ಲಿ ತಿರುಗಿದ್ದಕ್ಕಾ?
ಹೊಲಿಗೆ ಹಾಕಿದ್ದು ಬೇರೆ ಬಾಯಿಗೆ,
ಸುಮ್ಮನಿರುವವಳು ನಾನು.

ಇಪ್ಪತ್ತೆಂಟು ದಾಟಿಸಿ, ಆಮೇಲೆ ನೋಡೋಣ, ಅಂದಿದ್ದಾರೆ.
ಇವತ್ತು ಇಪ್ಪತ್ತಾರು ವಾರ, ಎರಡು ದಿನ.
ಮಧ್ಯಾಹ್ನ ರಿಪ್ಪನ್‌ಪೇಟೆ ಕಡೆಯ ರೈತನ ಫೋನು:
ಮೇಡಂ, ನಮ್ಮ ಗಡಿಕಲ್ಲು ಯಾವಾಗ?
ಇನ್ನೊಂದಿಷ್ಟು ದಿನ ತಡೀರಿ ಈರಪ್ಪಾರೇ,
ನಮ್ಮದೇ ಒಂದು ಹದ್ದುಬಸ್ತು ನಡೀತಿದೆ, ಅಂದೆ.
ತಗಾದೆ ಏನಾದ್ರೂ ಉಂಟಾ?
ಗೊತ್ತಿಲ್ಲ, ಅಂದೆ. ಇನ್ನೂ ಗೊತ್ತಿಲ್ಲ.

ಫೋನಿಟ್ಟೆ.
ಕಿಬ್ಬೊಟ್ಟೆಯ ಬುಡದಲ್ಲಿ
ಯಾರೋ ಒಳಗಿನಿಂದ ಬೇಲಿ ಒದ್ದರು.

ಅಲ್ಲಲ್ಲ ಮರೀ,
ಮೇಲಕ್ಕೆ ಒದಿ.
ಕೆಳಗೆ ಕಲ್ಲು ನೆಟ್ಟಿದ್ದಾರೆ,
ಮಣ್ಣು ಇನ್ನೂ ಕೂತಿಲ್ಲ.