ಗೇಟ್ ಅಂದುಂಞಿ

ಗೋಲು ಹೊಡೆದವನ ಹೆಸರು ಮೈಕಿನಲ್ಲಿ ಮೂರು ಸಲ ಕೂಗಬೇಕು,
ಅದು ಕಮಿಟಿಯವರ ಕಟ್ಟಪ್ಪಣೆ.
ಮೊದಲು ಮಲಯಾಳದಲ್ಲಿ, ಆಮೇಲೆ ಕನ್ನಡದಲ್ಲಿ,
ಪುರುಸೊತ್ತಿದ್ದರೆ ತುಳುವಿನಲ್ಲಿ.
ತಡೆದವನಿಗೆ ಯಾವ ಭಾಷೆಯಲ್ಲೂ ಅಪ್ಪಣೆ ಇರಲಿಲ್ಲ.

ಹಾಗಾಗಿ ಹದಿನೇಳು ವರ್ಷ ನಾನು ಅವನನ್ನು ಕರೆದದ್ದು
ಸೀಟಿ ಊದುವ ಮೊದಲು ಒಮ್ಮೆ ಮಾತ್ರ:
ಸ್ಟಾಪರ್ ಬ್ಯಾಕ್, ನಂಬರ್ ನಾಲ್ಕು, ಮೊಗ್ರಾಲಿನ ಅಂದುಂಞಿ.
ಮತ್ತೆ ಅರುವತ್ತು ನಿಮಿಷ
ಕೊಯ್ದ ಗದ್ದೆಯ ಕೂಳೆಯ ಮೇಲೆ, ಟ್ಯೂಬ್‌ಲೈಟಿನ ಕೆಳಗೆ,
ಅವನಿಗೆ ಹೆಸರಿಲ್ಲ.

ಗೇಟ್ ಎಂದು ಹೆಸರಿಟ್ಟದ್ದು ಗ್ಯಾಲರಿಯ ಹುಡುಗರು.
ಮಂಗಳೂರಿನ ಲೋಕಲ್ ಬರುವಾಗ ಉಪ್ಪಳದ ಗೇಟು ಬಿತ್ತೆಂದರೆ
ಮೀನಿನ ಲಾರಿಯೂ ನಿಲ್ಲಬೇಕು, ಮದುವಣಿಗನ ಜೀಪೂ ನಿಲ್ಲಬೇಕು,
ಹಾರ್ನ್ ಹೊಡೆದು ಪ್ರಯೋಜನವಿಲ್ಲ.
ಹಾಗಿತ್ತು ಅವನು ಕಾಲು ಅಡ್ಡ ಇಡುವುದು.

ಮೊದಲ ಆಟಕ್ಕೆ ನಲುವತ್ತು ರೂಪಾಯಿ, ಎರಡು ಪರೋಟ.
ಕೊನೆಯ ವರ್ಷ ಎರಡು ಸಾವಿರ,
ಫಾರ್ವರ್ಡಿನ ಪೋಕ್ರಿಗೆ ಐದು.
ಕವರು ಅವನು ಎಣಿಸುತ್ತಿರಲಿಲ್ಲ.
ಎಣಿಸಿದರೆ ಬಾಯಿ ಬರ್ತದೆ ಮಾರಾಯ, ಅನ್ನುತ್ತಿದ್ದ.

ತ್ರಿಕರಿಪುರದಲ್ಲಿ ಒಮ್ಮೆ ಘಾನಾದ ಅದಾಮು, ಆನೆಯಂಥ ಆಳು,
ಮೊಣಕೈ ಬೀಸಿ ಮುಂದಿನ ಹಲ್ಲು ಉದುರಿಸಿದ.
ಆಟ ಮುಗಿದು ಜನರೇಟರ್ ಆರಿದ ಮೇಲೆ
ಇಬ್ಬರೂ ಒಂದೇ ಟಾರ್ಚು ಹಿಡಿದು
ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಹುಡುಕುತ್ತಿದ್ದರು.
ಸಿಕ್ಕಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಗಂಜಿ ಕುಡಿದರು,
ದುಡ್ಡು ಅದಾಮು ಕೊಟ್ಟ.

ಮಂಡಿ ಮಾತ್ರ ಯಾರ ಸ್ನೇಹಕ್ಕೂ ಬಗ್ಗಲಿಲ್ಲ.
ರಾತ್ರಿ ಎರಡಕ್ಕೆ ಮನೆ ಸೇರಿದರೆ
ಬೀಫಾತಿಮ ಗೋಣಿಯಲ್ಲಿ ಐಸು ಸುತ್ತಿ ಕಾಯುತ್ತಿದ್ದಳು,
ಮೀನಿನ ಪೆಟ್ಟಿಗೆಗೆಂದು ತಂದ ಐಸು,
ಬಂಗುಡೆಯ ವಾಸನೆಯ ಐಸು.

ಇನ್ನು ಕುಂಬಳೆಯ ಫೈನಲ್.
ಐವತ್ತೊಂಬತ್ತನೇ ನಿಮಿಷ. ಯಾರೋ ಒದ್ದದ್ದು
ಅವನ ಮೊಣಕಾಲಿನ ಕೆಳಗೆ ತಾಗಿ, ಸುಮ್ಮನೆ,
ಬೆಕ್ಕು ಅಡುಗೆಕೋಣೆಗೆ ಹೊಕ್ಕಂತೆ ಬಲೆಯೊಳಗೆ ಹೋಯಿತು.
ಗೋಲು ಅಂದರೆ ಗೋಲು, ಎಂದರು ಕಮಿಟಿಯವರು.
ನಾನು ಕೂಗಿದೆ. ಸೆಲ್ಫ್ ಗೋಲು, ಅಂದುಂಞಿ.
ಕನ್ನಡದಲ್ಲಿ ಕೂಗಿದೆ.
ಚೆಂಡು ತರಲು ಯಾರೂ ಕದಲಲಿಲ್ಲ,
ಅವತ್ತು ಪುರುಸೊತ್ತೂ ಇತ್ತು. ತುಳುವಿನಲ್ಲೂ ಕೂಗಿದೆ.

ಮರುವರ್ಷ ನಾಲ್ಕನೇ ನಂಬರು ಒಬ್ಬ ಹುಡುಗ ಹಾಕಿದ್ದ.
ಬಾಯಿ ತಪ್ಪಿ ಹಳೆಯ ಹೆಸರು ಹೇಳಿದೆ.
ಹುಡುಗ ಹಿಂದೆ ತಿರುಗಿ ನೋಡಿದ.

ಮೊನ್ನೆ ಅಳಿಯನ ಬೋಟಿಗೆ ಐಸು ಬೇಕೆಂದು
ಮಂಜೇಶ್ವರದ ಐಸ್ ಪ್ಲಾಂಟಿಗೆ ಹೋದರೆ
ಹಲಗೆಯ ಕೆಳಗೆ ನಿಂತವನು ಅವನೇ.
ಮೇಲಿಂದ ಅರ್ಧ ಆಳೆತ್ತರದ ಐಸು ಜಾರಿ ಬರುತ್ತದೆ, ವೇಗವಾಗಿ;
ಬಲಗಾಲು ಅಡ್ಡ ಇಡುತ್ತಾನೆ, ನಿಲ್ಲುತ್ತದೆ.
ಕೊಕ್ಕೆ ಹಾಕುತ್ತಾನೆ, ಮತ್ತೊಂದು.

ಆ ದಿವಸದ್ದು, ಎಂದೆ ನಾನು, ಮೂರು ಸಲ ಕೂಗಬಾರದಿತ್ತು.

ಅವನು ನಕ್ಕ, ಹಲ್ಲಿನ ಜಾಗ ಕಾಣುವಂತೆ.
ಬಡಗು ಗಾಳಿ ಇತ್ತು ಅವತ್ತು, ನಿನ್ನ ಮೈಕು ಮೊಗ್ರಾಲಿಗೆ ಕೇಳ್ತಿತ್ತು.
ಉಮ್ಮ ಜಗಲಿಯಲ್ಲಿ ಕೂತಿದ್ದಳು.
ಸೆಲ್ಫ್ ಅಂದರೆ ಯಾರೂ ತಳ್ಳದೆ ಜೀಪು ಸ್ಟಾರ್ಟ್ ಆಗುವುದು,
ಅಷ್ಟು ಅವಳಿಗೆ ಗೊತ್ತು.
ಮಗ ಯಾರ ಸಹಾಯವೂ ಇಲ್ಲದೆ ಗೋಲು ಹೊಡೆದ ಅಂತ
ನಡುರಾತ್ರಿ ಆಚೆಮನೆ ಈಚೆಮನೆಗೆ ಸಕ್ಕರೆ ಹಂಚಿದಳು.

ಮತ್ತೆ ನೀನು ಹೇಳಲಿಲ್ಲವಾ?

ಎಂತ ಹೇಳುವುದು, ಎಂದ,
ನಾನು ಮನೆ ಮುಟ್ಟುವಾಗ ಡಬ್ಬಿ ಖಾಲಿ.
ಮೇಲೆ ಯಾರೋ ಕೂಗಿದರು. ಅವನು ತಿರುಗಿ
ಕಾಲು ಅಡ್ಡ ಇಟ್ಟ.