ಕೆ ಅಕ್ಷರದ ಕಾಲು

ಏಣಿ ಹತ್ತಿ ನೋಡಿದರೆ ಮೂರೇ ಅಕ್ಷರ,
ಒಂದೊಂದೂ ಆಳೆತ್ತರ:
ಮೇಲೆ ಮನೆತನದ ಟಿ,
ಕೆಳಗೆ ಗಂಡನ ಓ, ಹೆಂಡತಿಯ ಕೆ.
ಕೆಂಪು ಗೋಡೆಯಲ್ಲಿ ನೀಲಿ ಇಟ್ಟಿಗೆಯ ಬರಹ.

ಬಳಿದ ನೀಲಿಯಲ್ಲ.
ಗೂಡಿನೊಳಗೆ ಬೆಂಕಿಯ ಬಾಯಿಗೇ ಕೂತು
ಬೆವೆತು ಗಾಜಾದವು.
ದೂರ ಕೂತವು ಕೆಂಪಾಗಿ ಪಾರಾದವು.

ಓಬಡಾಯ ಟಿಂಡಲ್, ದಕ್ಷಿಣ ಜೆರ್ಸಿಯ ಕ್ವೇಕರ್,
ಹಳ್ಳದ ಜೇಡಿ ತುಳಿಸಿ
ಎರಡು ಬೇಸಿಗೆ ಸುಡಿಸಿದನಂತೆ.
ಮೆರೆಯಬಾರದೆನ್ನುವ ಮತ;
ಸಭೆಯಲ್ಲಿ ಮೌನ, ಬೂದು ಕೋಟು, ಮರದ ಗುಂಡಿ.
ಗೋಡೆ ಮಾತ್ರ ರಸ್ತೆಗೆಲ್ಲ ಕೇಳುವಂತೆ ಕೂಗುತ್ತಿತ್ತು.

ಕೆಜಾಯ ಆ ಕೆಯ ಕೆಳಗೆ ಬಾಳಿದ್ದು
ಹದಿನಾಲ್ಕು ತಿಂಗಳು. ಹೆರಿಗೆಯಲ್ಲಿ ಹೋದಳು.
ಗೋರಿಗೆ ಕಲ್ಲಿಡುವ ರೂಢಿ ಅವರಲ್ಲಿರಲಿಲ್ಲ,
ಇದ್ದದ್ದು ಇದೊಂದೇ.

ಆಮೇಲೆ ಬಂದವಳು ಪ್ರೂಡೆನ್ಸ್.
ಒಂಬತ್ತು ಮಕ್ಕಳು, ನಲವತ್ತೊಂದು ವರ್ಷ.
ಅಂಗಳದಲ್ಲಿ ಬಟ್ಟೆ ಹರವುತ್ತ
ತಲೆಯೆತ್ತಿದಾಗೆಲ್ಲ ಸವತಿ.

ಮೊಮ್ಮಗ ಕುದುರೆ ಜೂಜಿಗೆ ಮನೆ ಬರೆದುಕೊಟ್ಟ.
ಕೊಂಡ ಜರ್ಮನಿಯ ಡೀಟ್ರಿಚ್ ಹೌಕ್
ಅಕ್ಷರಗಳ ಮೇಲೆ ಸುಣ್ಣ ಬಳಿದ;
ಮೂರು ಚಳಿಗಾಲಕ್ಕೆ ಸುಣ್ಣ ಉದುರಿತು.
ಅವನ ಮರಿಮಗಳು ಟೊಮೇಟೊ ಕಾರ್ಖಾನೆಯ ಕೂಲಿಗಳನ್ನು
ಅಟ್ಟದ ಮೇಲೆ ಸಾಲಾಗಿ ಮಲಗಿಸಿ
ತಲೆಗಿಷ್ಟೆಂದು ಬಾಡಿಗೆ ಎಣಿಸಿದಳು.

ಯುದ್ಧದ ಕೊನೆಗೆ, ಮುಳ್ಳುತಂತಿಯ ಶಿಬಿರದಿಂದ
ರೈಲು ಹತ್ತಿ ಬಂದ ನಿಶಿಮೋಟೊ ದಂಪತಿ
ಆ ಅಟ್ಟದಲ್ಲೇ ಮಲಗಿದವರು.
ಹದಿಮೂರು ವರ್ಷ ಡಬ್ಬಿ ತುಂಬಿ, ಕೆಳಗಿಳಿದು ಬಂದು
ಇಡೀ ಮನೆಯನ್ನೇ ಕೊಂಡರು.
ಅವರ ಮಗಳು ಹಿಸಾಕೊ, ಗಂಡಸರ ಬೂಟು ಮೆಟ್ಟಿ,
ಈಗ ನನ್ನ ಏಣಿ ಹಿಡಿದು ನಿಂತಿದ್ದಾಳೆ.

ಕೆಯ ಕಾಲಲ್ಲಿ ಒಂದು ಇಟ್ಟಿಗೆಯಿಲ್ಲ.
ಹಿಮ ತಿಂದಿತು ಎನ್ನುತ್ತದೆ ಊರು.
ಹಿಮ ತಿಂದರೆ ಪದರು ಪದರಾಗಿ ಉದುರುತ್ತದೆ.
ಇಲ್ಲಿರುವುದು ಉಳಿಯ ಕಚ್ಚು.
ಅಟ್ಟದ ಕಿಟಕಿಯಿಂದ ಕೈಚಾಚಿದರೆ
ಎಟುಕಿಯೂ ಎಟುಕದಷ್ಟು ದೂರ.
ಬಗ್ಗಿದವರು ಬಿದ್ದು ಸಾಯಬಹುದಿತ್ತು.
ಯಾರೆಂದು ನಾನು ಹೇಳಲಾರೆ,
ನನಗೆ ಗೊತ್ತಿರುವುದು ಗಾರೆ.

ಕೆಡವಿದ ದನದ ಕೊಟ್ಟಿಗೆಯೊಂದರಿಂದ
ಅಳತೆಗೆ ಕೂಡುವ ನೀಲಿಯೊಂದನ್ನು ತಂದಿದ್ದೆ.
ಹಿಸಾಕೊ ಅದನ್ನು ಅತ್ತಿತ್ತ ತಿರುಗಿಸಿದಳು.
"ಅಮ್ಮ ಕೂಲಿಯಾಗಿ ಮಲಗುತ್ತಿದ್ದಾಗ
ಆ ಸಂದಿಯಲ್ಲಿ ಗುಬ್ಬಿ ಮರಿ ಮಾಡಿತ್ತಂತೆ.
ಬೆಳಗಾಯಿತೆಂದು ಅದೇ ಎಬ್ಬಿಸುತ್ತಿತ್ತಂತೆ."

ಸುತ್ತಲ ಸಂದುಗಳಿಗೆ ಗಾರೆ ತುಂಬಿ ಇಳಿದೆ.
ಆ ಹೊತ್ತಿಗೆ ಇಟ್ಟಿಗೆ
ಅಡುಗೆಮನೆಯ ಬಾಗಿಲು ಬಡಿಯದಂತೆ
ಅಡ್ಡ ಕೂತಿತ್ತು.
"ಅದರ ದುಡ್ಡೂ ಸೇರಿಸಿ ಬರಿ" ಅಂದಳು.